ಈರಣ್ಣನ ಬ್ರೇಕು

ಇಳಿಜಾರು ಶುರುವಾಗುವ ಮೊದಲು ಈರಣ್ಣ ಸೈಕಲ್ ನಿಲ್ಲಿಸುತ್ತಿದ್ದರು. ಒಂದು ಕಾಲು ನೆಲಕ್ಕೂರಿ, ಎಡಗೈಯ ಬ್ರೇಕನ್ನು ಒಮ್ಮೆ, ಬಲಗೈಯದನ್ನು ಒಮ್ಮೆ ಹಿಡಿದು ಬಿಟ್ಟು, ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು: "ಎಡಕ ಮುಂದಿಂದು, ಬಲಕ ಹಿಂದಿಂದು." ಆಮೇಲೆಯೇ ಹೊರಡುವುದು. ಹಿಂದೆ ಬರುವ ಜರ್ಮನ್ ಸವಾರರು ಇದೇನೋ ಪ್ರಾರ್ಥನೆ ಇರಬೇಕು ಎಂದುಕೊಂಡು ಸದ್ದಿಲ್ಲದೆ ಪಕ್ಕದಿಂದ ದಾಟಿ ಹೋಗುತ್ತಿದ್ದರು. ನಾವೂ ಅಲ್ಲ ಅನ್ನಲು ಹೋಗುತ್ತಿರಲಿಲ್ಲ.

ಅವರು ಹುಬ್ಬಳ್ಳಿಯವರು. ಜರ್ಮನಿಯ ಫೊಯರ್‌ಬಾಕ್‌ನಲ್ಲಿ ಮನೆ, ಕಾರಿನ ಬ್ರೇಕ್ ತಯಾರಿಸುವ ಕಂಪನಿಯೊಂದರಲ್ಲಿ ಎಂಜಿನಿಯರ್. ನಾನು ಮೈಸೂರಿನವಳು, ಸಾಫ್ಟ್‌ವೇರ್ ಕೆಲಸದವಳು, ಅದೇ ಕಟ್ಟಡದಲ್ಲಿ ಬಾಡಿಗೆಗಿದ್ದೆ. ಮೊದಲ ಭೇಟಿಯೇ ಜಗಳ. ನೆಲಮಾಳಿಗೆಯಲ್ಲಿ, ಅಂದರೆ ನಮ್ಮ ಕೆಲ್ಲರಿನಲ್ಲಿ, ನನ್ನ ಸೈಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು.

"ತಂಗಿ, ಈ ಬ್ರೇಕ್ ಇಟ್ಕೊಂಡು ಗುಡ್ಡ ಇಳಿಯಾಕಿ ಏನು ನೀ? ನಿಮ್ಮ ಮನ್ಯಾಗ ಹೇಳಾವ್ರು ಕೇಳಾವ್ರು ಯಾರೂ ಇಲ್ಲೇನು?"

"ನಾನೇನಾದ್ರೂ ನಿಮ್ಮನ್ನ ಕೇಳಿದ್ನಾ?" ಅಂದೆ. ನನ್ನ ಬಾಯಿ ಅಂಥದ್ದು.

ಕೇಳಿರಲಿಲ್ಲ, ಆದರೆ ಅಷ್ಟರಲ್ಲಿ ಅವರು ತಂತಿ ಬಿಗಿ ಮಾಡಿಯೂ ಆಗಿತ್ತು. ಮುಂದಿನ ಭಾನುವಾರ ಅವರ ಹಿಂದೆ ಗುಡ್ಡ ಹತ್ತಲು ಹೋದೆ. ಸಪಾಟು ರಸ್ತೆ ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಉಪ್ಪಿಲ್ಲದ ಸಾರು" ಅನ್ನುತ್ತಿದ್ದರು. ಬೆನ್ನಿನ ಜೇಬಿನಲ್ಲಿ ಎಲ್ಲರೂ ಚಾಕೊಲೇಟು ಪಟ್ಟಿ ಇಟ್ಟುಕೊಂಡರೆ ಇವರದು ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಗುಡ್ಡದ ತುದಿ ತಲುಪುವಷ್ಟರಲ್ಲಿ ರೊಟ್ಟಿ ಪುಡಿಪುಡಿಯಾಗಿರುತ್ತಿತ್ತು. ಅದನ್ನು ಮೊಸರಿನ ಡಬ್ಬಿಗೆ ಸುರಿದು, ಚಟ್ನಿ ಕಲಸಿ ನನ್ನ ಮುಂದೆ ಹಿಡಿಯುತ್ತಿದ್ದರು. "ತಿನ್ನು. ಹಲ್ಲಿಗಿ ಕೆಲಸ ಕಮ್ಮಿ ಆತು." ಮೊದಮೊದಲು ಮೂಗು ಮುರಿದೆ. ಆಮೇಲೆ ಅವರ ಹೆಂಡತಿ ಶೈಲಕ್ಕ ನನ್ನ ಪಾಲನ್ನು ಬೇರೆಯೇ ಕಟ್ಟತೊಡಗಿದರು.

ಒಂದು ಚಳಿಗಾಲವಿಡೀ ಈರಣ್ಣ ಅಡಿಗೆಮನೆಯ ಮೇಜಿನ ಮೇಲೆ ಇಂಗ್ಲೆಂಡಿನ ನಕಾಶೆ ಹರಡಿಕೊಂಡು ಕೂತರು. ಯಾರ್ಕ್‌ಷೈರಿನ ಗುಡ್ಡಗಳ ನಡುವೆ ಒಂದು ದಾರಿ ಹುಡುಕಿದ್ದರು. ಎತ್ತರದ ಗೆರೆಗಳು ಒತ್ತೊತ್ತಾಗಿ ಬಂದಷ್ಟೂ ಅವರಿಗೆ ಖುಷಿ. ಬೇಸಿಗೆಗೆ ನಾವಿಬ್ಬರೂ ಹೋದೆವು, ಸೈಕಲ್ ಅಲ್ಲೇ ಬಾಡಿಗೆಗೆ ಹಿಡಿದೆವು. ಎರಡೂ ಕಡೆ ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆ, ನಡುವೆ ಒಂದು ಕಾರು ಹಿಡಿಯುವಷ್ಟು ರಸ್ತೆ, ಅದರಲ್ಲೂ ಅರ್ಧ ಕುರಿಗಳದು. ಜರ್ಮನಿಯ ರಸ್ತೆ ಗುಡ್ಡವನ್ನು ಬಳಸಿಕೊಂಡು ಹತ್ತುತ್ತದೆ. ಅಲ್ಲಿಯದು ಏಣಿ ಇಟ್ಟ ಹಾಗೆ ನೇರ ನೆತ್ತಿಗೇ.

"ಇಲ್ಲಿ ನಮ್ಮೂರಂಗ ರಸ್ತಾದ ಎಡಕ್ಕ ಹೋಗೂದು. ಮನಿಗಿ ಬಂದಂಗ ಆತು ನೋಡು" ಎಂದು ಹಿಗ್ಗಿದರು.

ಆ ಹಿಗ್ಗಿನಲ್ಲೇ ಎಡವಟ್ಟಾಯಿತು. ಇಂಗ್ಲೆಂಡಿನ ಸೈಕಲ್ಲಿನಲ್ಲಿ, ನಮ್ಮ ದೇಶದ ಹಾಗೆಯೇ, ಬಲಗೈ ಬ್ರೇಕು ಮುಂದಿನ ಚಕ್ರದ್ದು. ಜರ್ಮನಿಯಲ್ಲಿ ಉಲ್ಟಾ. ಹುಬ್ಬಳ್ಳಿಯಲ್ಲಿ ಕಲಿತಿದ್ದನ್ನು ಈರಣ್ಣನ ಕೈ ಎಂದೋ ಮರೆತಿತ್ತು. ಕೊನೆಯ ಗುಡ್ಡದ ಕಡಿದಾದ ಇಳಿಜಾರಿನಲ್ಲಿ ಹಿಂದಿನದು ಎಂದುಕೊಂಡು ಬಲಗೈ ಬಿಗಿಯಾಗಿ ಹಿಡಿದರು. ಮುಂದಿನ ಚಕ್ರ ನಿಂತಿತು, ಅವರು ನಿಲ್ಲಲಿಲ್ಲ. ಗೋಡೆಯ ಪಕ್ಕದ ಹುಲ್ಲಿನಲ್ಲಿ ಬಿದ್ದಿದ್ದರು, ಹೆಗಲಿನ ಮೂಳೆ ಮುರಿದಿತ್ತು. ಕೆಳಗೆ ಕಣಿವೆಯಲ್ಲಿ, ದಾರಿಯ ಕೊನೆಗೆಂದು ಗುರುತು ಹಾಕಿದ್ದ ಚಹಾದಂಗಡಿ ಕಾಣುತ್ತಿತ್ತು. ಅದನ್ನು ನಾವು ಆಂಬ್ಯುಲೆನ್ಸಿನಲ್ಲಿ ಕೂತು ದಾಟಿಹೋದೆವು.

ಶೈಲಕ್ಕ ಫೋನಿನಲ್ಲಿ ಎಲ್ಲ ಕೇಳಿ, ಜೀವಕ್ಕೇನೂ ಆಗಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಹೇಳಿದ್ದು ಇಷ್ಟೇ: "ದೀಪದ ಬುಡಕ್ಕ ಕತ್ತಲಿ ಅಂತಾರಲ್ಲ, ಇದಕ್ಕ."

ಎಡಕ-ಬಲಕದ ಆ ಮಂತ್ರ ಅಂಟಿದ್ದು ಅಲ್ಲಿಂದ ಬಂದ ಮೇಲೆ. ಮೂಳೆ ಕೂಡಿಕೊಂಡಿತು, ಆದರೆ ಮನಸ್ಸು ಆ ಗುಡ್ಡದಲ್ಲೇ ಉಳಿಯಿತು. ಯಾವ ಏರು ಹತ್ತಿದರೂ ಕೊನೆಗೆ ಅದೇ ಮಾತು: "ಆ ಇಳುಕಲು ಒಂದ ಉಳೀತು ನೋಡು."

ಮತ್ತೆ ಹೋಗುವ ಮಾತು ಮುಂದೆ ಮುಂದೆ ಹೋಯಿತು. ಅಷ್ಟರಲ್ಲಿ ಈರಣ್ಣ ಪಕ್ಕದಿಂದ ಬರುವ ಸೈಕಲ್‌ಗಳನ್ನು ಗಮನಿಸದೆ ಇರತೊಡಗಿದರು. ಅಹಂಕಾರ ಬಂತೇನೋ ಎಂದು ನಾನು ಗೇಲಿ ಮಾಡಿದೆ. ತಿಂಗಳುಗಟ್ಟಲೆ ಕಾದು ಸಿಕ್ಕ ಅಪಾಯಿಂಟ್‌ಮೆಂಟಿನಲ್ಲಿ, ಅಂದರೆ ಜರ್ಮನರ ಟರ್ಮಿನ್‌ನಲ್ಲಿ, ಕಣ್ಣಿನ ಡಾಕ್ಟರು ಗ್ಲಾಕೋಮಾ ಅಂದರು. ಅಂಚಿನ ನೋಟ ಹೋಗಿತ್ತು, ನಡುವಿನದೂ ಕ್ರಮೇಣ ಹೋಗುವುದಿತ್ತು. ಸೈಕಲ್ ಬಂದ್.

ಸುದ್ದಿ ಹೇಳುವಾಗ ಈರಣ್ಣ ಚಹಾ ಸೋಸುತ್ತಿದ್ದರು, ಅರ್ಧ ಕಪ್ಪಿನ ಹೊರಗೆ. "ಕಣ್ಣಿಂದು ಇರಲಿ ಬಿಡು. ಕಂಡದ್ದು ಬಾಳ ಆತು. ಆ ಇಳುಕಲು ಉಳೀತಲ್ಲ ತಂಗಿ."

ನಾನು ಕೆಲ್ಲರಿಗೆ ಹೋಗಿ ಅತ್ತೆ. ಆಮೇಲೆ ಹಳೆಯದೊಂದು ಟ್ಯಾಂಡೆಮ್ ಕೊಂಡು ತಂದೆ, ಇಬ್ಬರು ಕೂತು ತುಳಿಯುವ ಜೋಡಿ ಸೈಕಲ್ಲು.

"ಹಿಂದ ಕುಂದರೂದು ನನಗಾಗಂಗಿಲ್ಲ" ಎಂದು ಈರಣ್ಣ ಹಟ ಹಿಡಿದರು.

ಶೈಲಕ್ಕ ಒಳಗಿಂದಲೇ ಹೇಳಿದರು: "ಮದಿವಿ ಆದಾಗಿಂದ ನಿಮ್ಮ ಗಾಡಿ ಮ್ಯಾಲೆ ನಾ ಹಿಂದ ಕುಂತೇನಿ. ಸತ್ತೇನೇನು? ಸುಮ್ಮ ಕುಂದರ್ರಿ."

ಕೂತರು. ಮೊದಲ ದಿನ ಎತ್ತು ಏರಿಗೆ, ಕೋಣ ನೀರಿಗೆ. ನಾನು ತುಳಿದರೆ ಅವರು ನಿಲ್ಲಿಸುವುದು, ನಾನು ಬಾಗಿದರೆ ಅವರು ನೆಟ್ಟಗಾಗುವುದು. ಬೇಲಿಗೆ ಹೋಗಿ ಬಿದ್ದು ಇಬ್ಬರೂ ಬೈದಾಡಿಕೊಂಡೆವು. ಇಬ್ಬರ ಭಾರ ಹೊತ್ತು ಇಳಿಯುವ ಇಂಥ ಸೈಕಲ್ಲಿಗೆ ಮೂರನೆಯದೊಂದು ಬ್ರೇಕು ಹಾಕುವುದುಂಟು. ಈರಣ್ಣ ಅದನ್ನು ತಡವಿ ತಡವಿ ತಾವೇ ಜೋಡಿಸಿ, ಅದರ ಹಿಡಿಕೆಯನ್ನು ಹಿಂದಿನ ಸೀಟಿಗೆ ತಂದುಕೊಂಡರು. ತಾವು ಪರೀಕ್ಷೆ ಮಾಡದ ಬ್ರೇಕನ್ನು ಅವರು ನಂಬಿದ್ದೇ ಇಲ್ಲ. ಮಿಕ್ಕ ಎರಡು ನನ್ನ ಕೈಯಲ್ಲಿದ್ದವು, ಹಾಗಾಗಿ ಇಳಿಯುವ ಮುನ್ನ ನನಗೆ ಪರೀಕ್ಷೆ.

"ಎಡಕ ಯಾವುದು?"

"ಮುಂದಿಂದು."

"ಬಲಕ?"

"ಹಿಂದಿಂದು. ನಡೀರಿ ಈರಣ್ಣ, ಜನ ನೋಡ್ತಾರೆ."

"ನೋಡ್ಲಿ. ನನಗೇನ ಕಾಣತೈತಿ?"

ಎರಡು ವರ್ಷದ ಮೇಲೆ, ಬೇಸಿಗೆಯಲ್ಲಿ, ಟ್ಯಾಂಡೆಮ್ಮನ್ನು ವ್ಯಾನಿಗೆ ಹಾಕಿಕೊಂಡು, ಶೈಲಕ್ಕನನ್ನೂ ಕೂರಿಸಿಕೊಂಡು ಯಾರ್ಕ್‌ಷೈರಿಗೆ ಹೋದೆವು. ಶೈಲಕ್ಕ ಕೆಳಗಿನ ಚಹಾದಂಗಡಿಯಲ್ಲಿ ಇಳಿದರು. ನಾವು ಕೊನೆಯ ಗುಡ್ಡ ಹತ್ತಿದೆವು. ಮೇಲೆ ನಿಂತೆವು, ಪರೀಕ್ಷೆ ಆಯಿತು, ಹೊರಟೆವು. ಆ ಹೊತ್ತಿಗೆ ಅವರಿಗೆ ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆದರೆ ರಸ್ತೆ ಬಾಯಿಪಾಠವಿತ್ತು. "ಈಗ ಬಲಕ್ಕೊಂದು ಗೇಟ್ ಬರತೈತಿ. ಅದಾದ ಮ್ಯಾಲೆ ರಸ್ತಾ ಎಡಕ್ಕ ಹೊಳ್ಳತೈತಿ." ಗೇಟು ಬಂತು, ರಸ್ತೆ ಹೊರಳಿತು. ಅವರು ಬಿದ್ದಿದ್ದ ಗೋಡೆ ಎದುರಿಗೇ ಇತ್ತು. ಸೈಕಲ್ಲು ಜೋರಾಗುತ್ತಿತ್ತು. ಹಿಂದಿನಿಂದ ಮೂರನೇ ಬ್ರೇಕು ಎಳೆದೀತು ಎಂದು ಕಾದೆ. ಎಳೆಯಲಿಲ್ಲ.

"ಈರಣ್ಣ, ನಿಮ್ಮ ಬ್ರೇಕ್ ಹಿಡೀರಿ" ಎಂದು ಕೂಗಿದೆ.

"ಯಾಕ? ನೀ ಅದಿಯಲ್ಲ."

ಎರಡೂ ಬ್ರೇಕನ್ನು ಅವರು ಕಲಿಸಿದ ಹಾಗೆ ಹದವಾಗಿ ಹಿಡಿದೆ. ಗೋಡೆ ಪಕ್ಕಕ್ಕೆ ಸರಿದು ಹಿಂದಾಯಿತು. ಕೆಳಗೆ ಶೈಲಕ್ಕ ಚಹಾ ಆರುತ್ತಿದೆಯೆಂದು ಗೊಣಗುತ್ತ ನಿಂತಿದ್ದರು. ಈರಣ್ಣ ಸೈಕಲ್ಲಿನಿಂದ ಇಳಿದು, ನನ್ನ ತಲೆ ಎಲ್ಲಿದೆಯೆಂದು ಹುಡುಕಿ, ಹೆಲ್ಮೆಟ್ಟಿನ ಮೇಲೊಂದು ಮೊಟಕಿದರು.

ಮರುವರ್ಷ ಅವರು ಮನೆ ಖಾಲಿ ಮಾಡಿ ಹುಬ್ಬಳ್ಳಿಗೆ ಹೊರಟರು. ಶೈಲಕ್ಕನ ತಂಗಿಯರೆಲ್ಲ ಅಲ್ಲಿದ್ದಾರೆ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟುಬಂದೆ. ಅಲ್ಲಿಯವರು ಗಾಲಿಕುರ್ಚಿ ತಂದಾಗ, "ಕಾಲು ಗಟ್ಟಿ ಅದಾವು, ಇದ್ಯಾಕ?" ಎಂದು ಸಿಡುಕಿದರು. ಆದರೂ ಕೂತರು. ಕೂತವರು ಮೊದಲು ಮಾಡಿದ್ದು, ಕೈ ಕೆಳಗೆ ಬಿಟ್ಟು ಬ್ರೇಕು ಹುಡುಕಿದ್ದು. ಎರಡು ಸಲ ಎಳೆದು ಬಿಟ್ಟು, "ಸಾಲಂಗಿಲ್ಲ, ಇರಲಿ" ಎಂದರು. ತಳ್ಳುವ ಹುಡುಗಿ ಏನೂ ಅರ್ಥವಾಗದೆ ಸುಮ್ಮನೆ ನಕ್ಕಳು.

ತಪಾಸಣೆಯ ಬಾಗಿಲಿನಾಚೆ ನನ್ನನ್ನು ಬಿಡಲಿಲ್ಲ. ನಾನು ಇನ್ನೂ ಅಲ್ಲೇ ನಿಂತಿದ್ದೇನೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಕುರ್ಚಿ ಒಳಗೆ ಹೋಗುವಾಗ ಹಿಂದಿರುಗಿ ನೋಡದೆಯೇ ಜೋರಾಗಿ ಕೇಳಿದರು: "ತಂಗಿ, ಎಡಕ ಯಾವುದು?"

"ಮುಂದಿಂದು" ಎಂದೆ. ಅವರಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೂಗಿದೆ.

ಇಡೀ ಸಾಲು ತಿರುಗಿ ನೋಡಿತು. ಈರಣ್ಣ ಕೈ ಎತ್ತಿ ತೋರಿಸಿ, ಹಾಗೇ ಮುಂದೆ ಹೋದರು.