ಬೂದಿಯ ಹೊದಿಕೆ

ಬೆಂಕಿಗೆ ಪಕ್ಷಪಾತವಿಲ್ಲವೆನ್ನುವವರು ಒಂದೇ ಒಲೆಗೆ ಇಬ್ಬರು ಸೊಸೆಯರಿದ್ದ ಮನೆಯಲ್ಲಿ ಬಾಳಿದವರಲ್ಲ. ಸೀಮೆಎಣ್ಣೆ ಸ್ಟೌ ಇನ್ನೂ ಹಾಸನದ ಆಫೀಸರರ ಮನೆಗಳಲ್ಲಷ್ಟೇ ಭುಸುಗುಡುತ್ತಿದ್ದ ಕಾಲ. ಹೊಳೆನರಸೀಪುರದ ನಮ್ಮ ಮನೆಯಲ್ಲಿ, ಬೆಂಕಿಪೊಟ್ಟಣ ಗೂಡಿನಲ್ಲಿದ್ದರೂ, ಹಿಂದಿನ ದಿನ ಬೂದಿ ಮುಚ್ಚಿಟ್ಟ ಕೆಂಡದಿಂದಲೇ ಬೆಳಗಿನ ಒಲೆ ಹೊತ್ತಿಸಬೇಕೆಂಬುದು ಅತ್ತೆಯವರ ನೇಮ. ಓರಗಿತ್ತಿ ಜಯಮ್ಮನ ಸರದಿಯಲ್ಲಿ ಕೆಂಡ ಕಣ್ಣರಳಿಸಿಕೊಂಡೇ ಏಳುತ್ತಿತ್ತು. ಹಿರಿಸೊಸೆಯಾದ ನನ್ನ ಸರದಿಯಲ್ಲಿ ಬರೀ ಬೂದಿ. ಅತ್ತೆ ಬೈಯುತ್ತಿರಲಿಲ್ಲ, ಸದ್ದಿಲ್ಲದೆ ಪಕ್ಕದ ಮನೆಗೆ ಕೆಂಡ ತರಲು ಹೋಗುತ್ತಿದ್ದರು. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು.

ನನ್ನ ಅಜ್ಞಾನಕ್ಕೆ ವಿಜ್ಞಾನದ ಬೆಂಬಲವಿತ್ತೆಂಬುದೇ ತಮಾಷೆ. ಮಿಡ್ಲ್‌ಸ್ಕೂಲಿನ ಮೇಷ್ಟರಾದ ನಮ್ಮ ಯಜಮಾನರು, ಉರಿಯುವ ವಸ್ತು, ಶಾಖ, ಗಾಳಿ ಈ ಮೂರರಲ್ಲಿ ಯಾವುದೊಂದು ತಪ್ಪಿದರೂ ಬೆಂಕಿ ಆರುತ್ತದೆಂದು, ಹಣತೆಯ ಮೇಲೆ ಲೋಟ ಬೋರಲು ಹಾಕಿ ತೋರಿಸಿದ್ದರು. ಅಂದಿನಿಂದ ಕೆಂಡ ಉಸಿರಾಡಿಕೊಂಡಿರಲೆಂದು ನಾನು ಬೂದಿಯನ್ನು ರಂಗೋಲಿಯಷ್ಟು ತೆಳ್ಳಗೆ ಉದುರಿಸುತ್ತಿದ್ದೆ.

ಹೊಟ್ಟೆಕಿಚ್ಚಿಗೆ ಆ ಮೂರೂ ಬೇಡ, ಓರಗಿತ್ತಿಯನ್ನು ಹೊಗಳುವ ಒಂದು ಬಾಯಿ ಸಾಕು. ಒಂದು ದಿನ ಊಟವಾಗಿ ಜಯಮ್ಮ ಕೆಂಡ ಮುಚ್ಚಿ ಹಿತ್ತಿಲಿಗೆ ಹೋದಾಗ, ಅದೇ ಲೋಟದ ಪಾಠ ನೆನೆದು, ನೀರೊಲೆಯ ಬೂದಿಯನ್ನು ಮೊರದ ತುಂಬ ತಂದು ಅವಳ ಕೆಂಡದ ಮೇಲೆ ಸುರಿದೆ. ಒಂದು ದಿನವಾದರೂ ಅವಳಿಂದಾಗಿ ಅತ್ತೆ ಪಕ್ಕದ ಮನೆಗೆ ಹೋಗಲಿ!

ಬೆಳಿಗ್ಗೆ ಅತ್ತೆ ಕೆದಕಿದರೆ, ದಾಳಿಂಬೆ ಬಿಚ್ಚಿದ ಹಾಗೆ, ಎಂದಿಗಿಂತ ದಪ್ಪದಪ್ಪ ಕೆಂಡಗಳು. ಬೂದಿ ಗಾಳಿಯನ್ನು ಪೂರ್ತಿ ತಡೆಯದೆ ಇಷ್ಟಿಷ್ಟೇ ಬಿಟ್ಟು, ಶಾಖವನ್ನು ಕಂಬಳಿಯಂತೆ ಕಾಪಾಡಿತ್ತು. ಧಾರಾಳ ಗಾಳಿ ಕುಡಿದ ನನ್ನ ಕೆಂಡಗಳು ಬೆಳಗಾಗುವ ಮೊದಲೇ ಉರಿದು ಮುಗಿಯುತ್ತಿದ್ದವು. ಇದನ್ನು ಯಜಮಾನರು ಆಮೇಲೆ ವಿವರಿಸಿದರು. ಯಾಕೆ ಕೇಳಿದೆನೆಂದು ನಾನು ವಿವರಿಸಲಿಲ್ಲ.

“ಜಯಾ, ನಿನ್ ಕೈಗುಣ ಕಣವ್ವ,” ಅಂದರು ಅತ್ತೆ.

ಜಯಮ್ಮ ಬಗ್ಗಿ ನೋಡಿದಳು. “ನಾನಿಷ್ಟು ಆಕಿರ್ನಿಲ್ಲ ಅತ್ತೆ. ನೆನ್ನೆ ಅಕ್ಕನ ಸೆರಗೆಲ್ಲ ಬೂದಿಯಾಗಿತ್ತು, ಅವ್ರೇ ನೋಡ್ಕಂಡು ಆಕವ್ರೆ.”

ಅವಳ ಮುಖದಲ್ಲಿ ವ್ಯಂಗ್ಯ ಹುಡುಕಿದೆ, ಸಿಕ್ಕಿದ್ದರೆ ನೆಮ್ಮದಿಯಾಗುತ್ತಿತ್ತು.

“ಅಂಗಾರೆ ಇನ್ಮ್ಯಾಲೆ ದೊಡ್ಡೋಳೇ ಮುಚ್ಲಿ,” ಅಂದರು ಅತ್ತೆ.

ವರ್ಷಗಟ್ಟಲೆ ಬಯಸಿದ್ದು ಹೀಗೆ ಕೈಗೆ ಬಂತು. ಜಯಮ್ಮನ ಕೆಂಡದ ಮೇಲಿನ ಅಸೂಯೆ ಅಲ್ಲಿಗೆ ಮುಗಿದು, ಜಯಮ್ಮನ ಮೇಲಿನದು ಶುರುವಾಯಿತು: ತನಗೆ ಬಂದ ಹೊಗಳಿಕೆಯನ್ನು, ಹಿತ್ತಿಲ ಕರಿಬೇವು ಕಿತ್ತುಕೊಟ್ಟಷ್ಟು ಸಲೀಸಾಗಿ ಇನ್ನೊಬ್ಬರ ಕೈಗಿಡುವುದು ನನಗೇಕೆ ಬರುವುದಿಲ್ಲ?