ಉಸಿರಾಡಲೆಂದು ಬಿಚ್ಚಿದ ಚೀಲ

ಹುಲ್ಲಿನ ತಳಿ ಬೆಳೆಸುವ ಆ ತೋಟದಲ್ಲಿ ಅವಳನ್ನು ಎಲ್ಲರೂ ಟೋಪಿ ಅಕ್ಕ ಅನ್ನುತ್ತಿದ್ದರು. ಹೂ ಅರಳುವ ಮೊದಲೇ ತೆನೆಗಳಿಗೆ ಕಾಗದದ ಚೀಲ ತೊಡಿಸಿ, ಬಾಯಿಗೆ ಹತ್ತಿ ಸುತ್ತಿ, ದಾರ ಬಿಗಿಯುವುದು ಅವಳ ಕೆಲಸ. ಮನುಷ್ಯರಿಗೆ ಟೋಪಿ ಹಾಕುವವರು ಬೇಕಾದಷ್ಟಿದ್ದಾರೆ, ಹುಲ್ಲಿಗೂ ಹಾಕುವವಳು ನನ್ನ ಹೆಂಡತಿ ಒಬ್ಬಳೇ ಅಂತ ಗಂಡ ಬಂದವರ ಮುಂದೆಲ್ಲ ನಗಾಡುತ್ತಿದ್ದ.

ಆ ಹುಲ್ಲಿನ ಸ್ವಭಾವವೇ ಹಾಗೆ. ಅದರ ಹೂವಿಗೆ ತನ್ನದೇ ಪರಾಗ ಒಗ್ಗುವುದಿಲ್ಲ. ಪಕ್ಕದ ಗಿಡದ್ದು ಗಾಳಿಯಲ್ಲಿ ತೇಲಿ ಬಂದರೇ ಕಾಳು. ಚೀಲದೊಳಗಿನ ತೆನೆ ಹೊಟ್ಟಾಗಿಯೇ ಹೊರಬರುತ್ತದೆ. ಎಲ್ಲೋ ಒಂದು ಗಿಡ ತನ್ನ ಪರಾಗದಿಂದಲೇ ಕಾಳು ಕಟ್ಟೀತು, ಅದು ಸಿಕ್ಕರೆ ಮುಂದೆ ಒಂದೇ ಅಚ್ಚಿನ ಗಿಡಗಳನ್ನು ತೆಗೆಯಬಹುದು ಅಂತ ತೋಟದ ಮೇಡಂ ವರ್ಷಗಟ್ಟಲೆ ಕಾದು ಕೂತಿದ್ದರು.

ಆ ಸಲ ಬಿಸಿಲು ಜೋರು. ಬೇಲಿ ಪಕ್ಕದ ಗಿಡದ ಚೀಲ ಒಳಗೆಲ್ಲ ಬೆವರಿ ತೆನೆಗೆ ಅಂಟಿಕೊಂಡಿತ್ತು. ಮೊಮ್ಮಗ ಮುಖದ ತುಂಬ ಹೊದ್ದು ಮಲಗಿದರೆ ಹೊದಿಕೆ ಸರಿಸದೆ ಇರಲಾರದ ಕೈ ಅವಳದು. ದಾರ ಬಿಚ್ಚಿದಳು. ಚೀಲವನ್ನು ಕೊಡವಿ, ಆರಿಸಿ, ಮತ್ತೆ ತೊಡಿಸಿದಳು. ಪರಾಗ ಹಾರುವ ಹೊತ್ತೆಂದು ಗೊತ್ತಿತ್ತು. ಇಷ್ಟರಲ್ಲಿ ಏನಾಗುತ್ತೆ ಅಂದುಕೊಂಡಳು.

ತೆನೆ ಒಣಗಿದ ಮೇಲೆ ಮೇಡಂ ಅದನ್ನು ಅಂಗೈಯಲ್ಲಿ ಉಜ್ಜಿ ಊದಿದರು. ಹೊಟ್ಟು ಹಾರಿತು, ಕಾಳು ಉಳಿಯಿತು. ಮೊದಲು ಕರೆದದ್ದೇ ಟೋಪಿ ಅಕ್ಕನನ್ನು. ಅವಳ ಕೈಗೆ ಕಾಳು ಸುರಿದು, "ಕೊನೆಗೂ ಸಿಕ್ತು ಅಕ್ಕಾ, ನಿಮ್ಮ ಕೈಗುಣ" ಅಂದರು. ಚೀಲ ಬಿಚ್ಚಿದಾಗಲೇ ಪಕ್ಕದ ಪರಾಗ ಒಳಹೊಕ್ಕಿರಬೇಕು ಅಂತ ಹೊಳೆದು ಅವಳಿಗೆ ಕೆಂಡ ಹಿಡಿದ ಹಾಗಾಯಿತು. ಕಾಳನ್ನು ಮೇಡಂ ಕೈಗೇ ತಿರುಗಿ ಸುರಿದಳು. ಇನ್ನು ನಿನ್ನ ಫೋಟೋ ಆಫೀಸಿನ ಗೋಡೆಗೆ ಅಂತ ಟ್ರ್ಯಾಕ್ಟರಿನವನು ಛೇಡಿಸಿದ. ಮನೆಯಲ್ಲಿ ತಟ್ಟೆ ಪಕ್ಕಕ್ಕೆ ಸರಿಸಿ, ಬಿಸಿಲಿನ ಝಳ ಅಂತ ಗಂಡನಿಗೆ ಸುಳ್ಳು ಹೇಳಿದಳು.

ಬೆಳಿಗ್ಗೆ ಬರುವಾಗಲೇ ಟ್ರ್ಯಾಕ್ಟರಿನ ಸದ್ದು. ಬೇಲಿ ಪಕ್ಕದ ಗಿಡದ ಮಕ್ಕಳಿಗೆ ಜಾಗ ಬೇಕು, ಮಿಕ್ಕದ್ದೆಲ್ಲ ಮಗುಚಿಬಿಡು ಅಂದಿದ್ದರಂತೆ ಮೇಡಂ. ಮಿಕ್ಕವೆಲ್ಲ ನೀರಿಲ್ಲದೆ ತಾಳುವುದು, ದನ ಚಪ್ಪರಿಸುವುದು ಅಂತ ಒಂದೊಂದಾಗಿ ಆರಿಸಿ ನೆಟ್ಟ ಗಿಡಗಳು. ಗೇಟಿನ ಕಡೆಯ ಸಾಲುಗಳು ಆಗಲೇ ಬುಡಮೇಲಾಗಿದ್ದವು. ಅವಳು ಓಡಿಹೋಗಿ ಅಡ್ಡ ನಿಂತಳು.

"ಏನಕ್ಕಾ, ಹುಲ್ಲಿಗೋಸ್ಕರ ಪ್ರಾಣ ಕೊಡ್ತೀಯಾ?" ಅಂದ ಅವನು. ಸದ್ದು ನಿಂತದ್ದು ಕೇಳಿ ಮೇಡಂ ಟೀ ಲೋಟ ಹಿಡಿದೇ ಹೊರಬಂದರು.

"ಆ ಚೀಲ ನಾನು ಬಿಚ್ಚಿದ್ದೆ ಮೇಡಂ. ಬೆವರಿತ್ತು. ಉಸಿರು ಕಟ್ಟುತ್ತೇನೋ ಅಂತ..."

"ಹುಲ್ಲಿಗಾ?"

"ಹೂಂ."

ಮೇಡಂ ಉತ್ತ ಸಾಲುಗಳನ್ನು ನೋಡಿದರು. "ನಿನ್ನೆ ಕೈಗೆ ಕಾಳು ಹಾಕಿದಾಗ ಹೇಳಬಹುದಿತ್ತಲ್ಲಾ ಅಕ್ಕಾ."

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಇಬ್ಬರೂ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬದುಕಿದ್ದ ಬುಡಗಳನ್ನು ಆಯ್ದರು. ಗುರುತಿನ ಮರದ ಚೀಟಿಗಳು ಎಲ್ಲೆಲ್ಲೋ ಚದುರಿದ್ದವು. ಒಂದು ಬುಡ ಎತ್ತಿ ಹಿಡಿದು ಮೇಡಂ ಇದು ಯಾವುದು ಅಂದರು. ತೆನೆ ಇದ್ದಿದ್ದರೆ ಹೇಳುತ್ತಿದ್ದಳೇನೋ. ಬರೀ ಬೇರು ನೋಡಿ ಏನು ಹೇಳುತ್ತಾಳೆ? ಗುರುತಿಲ್ಲದೆಯೇ ನೆಟ್ಟರು.

ಮುಂದಿನ ಹೂವಿನ ಕಾಲಕ್ಕೆ ಬೇಲಿ ಪಕ್ಕದ ಗಿಡಕ್ಕೆ ಮೇಡಂ ಅವಳ ಕೈಯಿಂದಲೇ ಚೀಲ ಹಾಕಿಸಿದರು. ಅದು ಬೆವರಿತು. ಅವಳು ಕೈ ಹಿಂದೆ ಕಟ್ಟಿಕೊಂಡು ದಾಟಿಹೋದಳು. ತೆನೆ ಒಣಗಿ, ಮೇಡಂ ಚೀಲ ಬಿಚ್ಚಿ ಉಜ್ಜಿ ಊದಿದ ದಿನ ಅಂಗೈಯಲ್ಲಿ ಏನೂ ಉಳಿಯಲಿಲ್ಲ. ಮೇಡಂ ಕೈ ಒರೆಸಿಕೊಂಡು ಗೇಟಿನ ಕಡೆ ತಡವಾಗಿ ತೆನೆ ಬಿಡುತ್ತಿದ್ದ ಗುರುತಿಲ್ಲದ ಗಿಡಗಳತ್ತ ನಡೆದರು. ಚೀಲಗಳ ಕಟ್ಟು ಎತ್ತಿಕೊಂಡು ಅವಳೂ ಹಿಂದೆ ಹೋದಳು, ಸ್ವಲ್ಪ ದೂರ ಬಿಟ್ಟು.