ಅಣ್ಣನ ಸರ್ಪಸುತ್ತು

ನಮ್ಮ ವಂಶದಲ್ಲಿ ವೈದ್ಯಕೀಯ ಓದಿದವರು ಒಬ್ಬರೂ ಇಲ್ಲ, ಡಾಕ್ಟರುಗಳು ಮಾತ್ರ ಮನೆಗೆ ನಾಲ್ಕು ಜನ. ಕಡೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ ನನ್ನ ಅಣ್ಣನಿಗೆ ಮೇಲಿಂದ ಮೇಲೆ ಜ್ವರ ಬರತೊಡಗಿದಾಗ ಅವರೆಲ್ಲ ಪ್ರಾಕ್ಟೀಸಿಗೆ ಇಳಿದರು. ಚಿಕ್ಕಪ್ಪ ಪಿತ್ತ ಎಂದರು, ಚಿಕ್ಕಮ್ಮ ದೃಷ್ಟಿ ಎಂದರು. ಪ್ಯಾಂಟು ಸೊಂಟದಲ್ಲಿ ನಿಲ್ಲದಷ್ಟು ಇಳಿದಾಗ, "ಹೊಟ್ಟೆ ಕರಗೈತೆ, ಈಗ ನೋಡೋಕೆ ಲಕ್ಷಣವಾಗವ್ನೆ" ಎಂದು ಮೆಚ್ಚಿಕೊಂಡವರೂ ಇದ್ದರು. ನಾಲಿಗೆಯ ಮೇಲೆ ಮೊಸರು ಮೆತ್ತಿದ ಹಾಗೆ ಬಿಳಿ ಕೂತಿತ್ತು. ಅದು ಎಲೆ ಅಡಿಕೆಗೆ ಸುಣ್ಣ ಹೆಚ್ಚಾದದ್ದಂತೆ. ಅಣ್ಣ ಎಲೆ ಅಡಿಕೆ ಹಾಕುತ್ತಲೇ ಇರಲಿಲ್ಲ ಎಂಬ ಸಣ್ಣ ಸಂಗತಿ ಯಾರ ವೈದ್ಯಕ್ಕೂ ಅಡ್ಡ ಬರಲಿಲ್ಲ.

ಆಮೇಲೆ ಸರ್ಪಸುತ್ತು ಎದ್ದಿತು. ಬೆನ್ನಿನಿಂದ ಪಕ್ಕೆಗೆ ಪಟ್ಟಿಯಾಗಿ ನೀರುಗುಳ್ಳೆ, ಬಟ್ಟೆ ತಾಗಿದರೆ ಉರಿ. ಇದಕ್ಕೆ ಆಸ್ಪತ್ರೆಗೆ ಹೋಗುವವನು ನಮ್ಮವರ ಕಣ್ಣಲ್ಲಿ ಅವಿವೇಕಿ. ಹಾವಿನ ತಲೆ ಬಾಲ ಕೂಡುವುದರೊಳಗೆ ಬರೆಸಬೇಕು, ಅಷ್ಟೇ. ಹಿರೇನಲ್ಲೂರು ಕಡೆಯ ಹಿರಿಯರೊಬ್ಬರು ಕೆಮ್ಮಣ್ಣು ಕಲಸಿ ಗುಳ್ಳೆಗಳ ಸುತ್ತ ಗೆರೆ ಎಳೆದು, ಬಾಯಲ್ಲಿ ಏನೋ ಮಣಮಣ ಅಂದು ಕಳಿಸಿದರು. ಹಾವು ಗೆರೆ ದಾಟಕೂಡದೆಂದು ಆಜ್ಞೆ. ಅಣ್ಣ ಮೈಮೇಲೆ ತಾಲೂಕು ನಕ್ಷೆ ಬರೆಸಿಕೊಂಡವನ ಹಾಗೆ ಮನೆಗೆ ಬಂದ. ಗುಳ್ಳೆ ಒಣಗಿತು, ಅದು ಹೇಗೂ ಒಣಗುವಂಥದ್ದೇ. ಜ್ವರ ಮಾತ್ರ ಯಾವ ಗೆರೆಗೂ ಸೊಪ್ಪು ಹಾಕಲಿಲ್ಲ.

ನಾನು ಅಜ್ಜಂಪುರದಿಂದ ಬಂದು, ಜಗಳ ಆಡಿ, ಅವನನ್ನು ಕಡೂರಿನ ಒಬ್ಬ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಓದಿದ ಡಾಕ್ಟರು. ಅವರು ಕುತ್ತಿಗೆಯ ಗಂಟುಗಳನ್ನು ಒತ್ತಿ ನೋಡಿ, ನಾಲಿಗೆ ಚಾಚಿಸಿ, "ಇಷ್ಟು ಚಿಕ್ಕ ವಯಸ್ಸಿಗೆ ಸರ್ಪಸುತ್ತು, ಜೊತೆಗೆ ಇಷ್ಟೆಲ್ಲ ಇದೆ. ಎಚ್‌ಐವಿ ಟೆಸ್ಟ್ ಮಾಡಿಸಲೇಬೇಕು. ಬೇರೆ ಕಾರಣವೂ ಇರಬಹುದು, ಆದರೆ ಮುಖ ನೋಡಿ ಹೇಳೋಕಾಗಲ್ಲ, ರಕ್ತವೇ ಹೇಳಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ವಿಷಯ ಹೊರಗೆ ಹೋಗಲ್ಲ" ಎಂದರು.

ಹೊರಗೆ ಬಂದ ಅಣ್ಣ, "ನಾನೇನು ಅಂಥವನಾ ಕಣೇ?" ಎಂದ.

ವೈರಸ್ಸು ಒಳಗೆ ಬರುವ ಮುಂಚೆ ನಡತೆಯ ಸರ್ಟಿಫಿಕೇಟ್ ಕೇಳುತ್ತದೆ ಎಂದು ನಮ್ಮ ಮನೆಯವರ ನಂಬಿಕೆ. ನನಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ಭಯವಾಗಿತ್ತು. ಹೀಗೇ ಬಿಟ್ಟರೆ ಅಣ್ಣ ಉಳಿಯುವುದಿಲ್ಲ ಅನ್ನಿಸಿಬಿಟ್ಟಿತ್ತು. "ಇಲ್ಲದಿದ್ರೆ ಇಲ್ಲ ಅಂತ ಬತ್ತದೆ. ಇದ್ರೆ ಔಷಧಿ ಐತೆ. ಗೊತ್ತಾಗದೆ ಸಾಯೋದೇ ಮರ್ಯಾದೆನಾ ನಿಂಗೆ?" ಎಂದೆ. ಕೊನೆಗೆ ಒಪ್ಪಿದ. ಆದರೆ ಕಡೂರಲ್ಲಿ ಬೇಡ, ಯಾರಾದರೂ ನೋಡಿಯಾರು, ತರೀಕೆರೆಗೆ ಹೋಗೋಣ ಎಂದ.

ತರೀಕೆರೆಯ ಆಸ್ಪತ್ರೆಯ ಬೆಂಚಿನ ಮೇಲೆ ಟವಲಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು ಕೂತಿದ್ದವರು ಅಣ್ಣನ ಅಂಗಡಿಯ ಪಕ್ಕದಲ್ಲೇ ಹಾರ್ಡ್‌ವೇರ್ ಅಂಗಡಿ ಇಟ್ಟವರು. "ಶುಗರ್ ನೋಡ್ಸಕ್ಕೆ ಬಂದಿದ್ದೆ ಕಣ್ರೀ" ಎಂದರು. ಅಣ್ಣನೂ "ನಾನೂ ಶುಗರ್ಗೇ" ಎಂದ. ಕಡೂರಿನವರ ಸಕ್ಕರೆಯೆಲ್ಲ ತರೀಕೆರೆಯಲ್ಲೇ ಅಳತೆಯಾಗಬೇಕು. ತರೀಕೆರೆಯವರು ಆ ಹೊತ್ತಿಗೆ ಕಡೂರಿನ ಬೆಂಚಿನ ಮೇಲೆ ಕೂತಿದ್ದರೇನೋ.

ಅಂದೇ ಉತ್ತರ ಬಂತು. ಪಾಸಿಟಿವ್. ಅಣ್ಣ ಗೋಡೆ ಹಿಡಿದುಕೊಂಡ, ನಾನು ಅವನನ್ನು ಹಿಡಿದುಕೊಂಡೆ. ಸಮಾಲೋಚನೆಯ ಕೋಣೆಯಲ್ಲಿದ್ದ ಹೆಂಗಸು ನಿಧಾನವಾಗಿ ತಿಳಿಸಿ ಹೇಳಿದರು. ಸೋಂಕು ತಗುಲಿದ ಕೆಲವು ವಾರಗಳಲ್ಲಿ ಜ್ವರ, ಗಂಟಲುನೋವು, ಮೈಮೇಲೆ ದದ್ದು ಬಂದು ತಾನಾಗಿ ಹೋಗಿರಬಹುದಂತೆ. ಕೆಲವರಿಗೆ ಅದೂ ಇಲ್ಲ. ಆಮೇಲೆ ವರ್ಷಗಟ್ಟಲೆ ಸದ್ದಿಲ್ಲ. ಆಗಲೇ ಪರೀಕ್ಷೆ ಮಾಡಿಸಿದ್ದರೆ ಮೈ ಇಷ್ಟು ಸೊರಗುತ್ತಿರಲಿಲ್ಲ, ಆದರೂ ಕೈ ಮೀರಿಲ್ಲ, ಮಾತ್ರೆಯನ್ನು ಒಂದು ದಿನವೂ ಬಿಡಬೇಡಿ ಎಂದರು. ಅತ್ತಿಗೆಗೂ ಪರೀಕ್ಷೆಯಾಯಿತು, ಇಲ್ಲವೆಂದು ಬಂತು. ಕೆಲವು ತಿಂಗಳು ಬಿಟ್ಟು ಮತ್ತೆ ಮಾಡಿಸಿದಾಗಲೂ ಇಲ್ಲ. ಹೇಗೆ ಬಂತು ಎಂದು ನಾನು ಅಣ್ಣನನ್ನು ಕೇಳಲಿಲ್ಲ. ಅತ್ತಿಗೆ ಕೇಳಿದಳು, ಅದು ಅವಳ ಹಕ್ಕು.

ಮಾತ್ರೆ ಕೆಲಸ ಮಾಡಿತು. ಅಣ್ಣನ ಕೆನ್ನೆ ತುಂಬಿತು, ಅಂಗಡಿಯ ಬಾಗಿಲು ದಿನವೂ ತೆರೆಯಿತು. ಹೆಸರು ಬಂದದ್ದು ಮಾತ್ರ ಕೆಮ್ಮಣ್ಣಿಗೆ. ಬಾಯಿ ಬಿಟ್ಟು ಹೇಳುವ ಹಾಗಿಲ್ಲವಾದ್ದರಿಂದ ಅಣ್ಣ ನಕ್ಕು ಸುಮ್ಮನಾಗುತ್ತಿದ್ದ.

ಮೊನ್ನೆ ಸಖರಾಯಪಟ್ಟಣದ ಚಿಕ್ಕಪ್ಪನ ಮನೆಗೆ ನಾವಿಬ್ಬರೂ ಹೋದಾಗ ಮೂವತ್ತು ದಾಟಿದ ಅವರ ಮಗ ಅಂಗಿ ಬಿಚ್ಚಿ ಕೂತಿದ್ದ. ಪಕ್ಕೆಯಲ್ಲಿ ಅದೇ ಗುಳ್ಳೆಗಳ ಪಟ್ಟಿ. ಬಹಳ ದಿನದಿಂದ ಜ್ವರವೂ ಇದೆಯಂತೆ. ಚಿಕ್ಕಪ್ಪ ಅಣ್ಣನ ಬೆನ್ನು ತಟ್ಟಿ, "ಏನಪ್ಪಾ, ಬರೆಸಿದ್ಮೇಲೆ ನೀನು ಹೆಂಗೆ ಗುಂಡಗಾದೆ ಅಂತ ಇವನಿಗೆ ಹೇಳು. ಆಸ್ಪತ್ರೆಗೆ ಹೋಗ್ತೀನಿ ಅಂತ ಕುಣೀತಾವ್ನೆ" ಎಂದರು.

ಹೌದು ಅಂದುಬಿಟ್ಟಿದ್ದರೆ ಮುಗಿದಿತ್ತು. ಅಣ್ಣ ಕುಡಿಯುತ್ತಿದ್ದ ಕಾಫಿ ಲೋಟ ಕೆಳಗಿಟ್ಟ.

"ಕೆಮ್ಮಣ್ಣಿಂದ ಅಲ್ಲ ಚಿಕ್ಕಪ್ಪ. ನಂಗೆ ಎಚ್‌ಐವಿ ಐತೆ. ಮಾತ್ರೆ ತಗೊಂಡು ಬದುಕಿದೀನಿ. ಇವನಿಗೂ ಅದೇ ಅಂತ ನಾನು ಹೇಳ್ತಿಲ್ಲ. ಟೆಸ್ಟ್ ಮಾಡ್ಸಿ."

ಚಿಕ್ಕಪ್ಪ ನೆಲ ನೋಡಿದರು. ಚಿಕ್ಕಮ್ಮ ಆ ಲೋಟವನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಹೋಗಿ ಹಿತ್ತಲ ಕಟ್ಟೆಯ ಮೇಲೆ ಇಟ್ಟು ಬಂದರು. ಅಣ್ಣ ನೋಡಿದ.

ಚಿಕ್ಕಪ್ಪನ ಮಗ ಎದ್ದು, ನೋವಿಗೆ ಹಲ್ಲು ಕಚ್ಚಿಕೊಂಡು ಅಂಗಿ ತೊಟ್ಟ.

"ನೀನೂ ಜೊತೇಲಿ ಬತ್ತೀಯೇನಣ್ಣ?"

"ಬತ್ತೀನಿ, ನಡಿ" ಎಂದ ಅಣ್ಣ.